ಏಳು ಸಾಲಿನ ಮರೆ

ಸಹಿ ಹಾಕಬೇಕಾದ ಕಾಗದ ಮೇಜಿನ ಮೇಲಿತ್ತು. ಪೆನ್ನೂ ಪಕ್ಕದಲ್ಲೇ ಇತ್ತು, ಕ್ಯಾಪು ತೆಗೆದೇ ಇಟ್ಟಿದ್ದರು. ತಂತಿಯಕ್ಕ ಕ್ಯಾಪು ಹುಡುಕಿ, ಪೆನ್ನಿಗೆ ಹಾಕಿ, ಅದನ್ನು ಸೂಪರಿಂಟೆಂಡೆಂಟ್ ಸಾಹೇಬರ ಕಡೆಗೆ ಸರಿಸಿದಳು.

"ಇಂಕು ಒಣಗುತ್ತೆ ಸಾರ್," ಅಂದಳು.

ಕಾಗದದಲ್ಲಿ ಇದ್ದದ್ದು ಇಷ್ಟೇ: 'ನನ್ನ ಅಜಾಗರೂಕತೆಯಿಂದ ನನ್ನ ಪಾಸ್‌ವರ್ಡ್ ಹೊರಗಿನವರಿಗೆ ತಿಳಿದು, ರೋಗಿಯೊಬ್ಬರ ರಕ್ತಪರೀಕ್ಷೆಯ ವರದಿ ಬೇರೆಯವರ ಕೈ ಸೇರಿದೆ. ಇದಕ್ಕೆ ನಾನೇ ಹೊಣೆ.' ಕೆಳಗೆ ಅವಳ ಪೂರ್ತಿ ಹೆಸರು, ಆಸ್ಪತ್ರೆಯ ಲ್ಯಾಬ್ ಕೌಂಟರಿನ ಗುಮಾಸ್ತೆ ಅನ್ನುವ ಹುದ್ದೆ, ಸಹಿಗೆ ಒಂದು ಗೆರೆ. ಆ ಗೆರೆಯ ಮೇಲೆ ಹೆಸರು ಗೀಚಿದರೆ ಕೌಂಟರಿನಿಂದ ಉಗ್ರಾಣಕ್ಕೆ ವರ್ಗ, ಅಲ್ಲಿಗೆ ಮುಗಿಯಿತು. ಗೀಚದಿದ್ದರೆ ವಿಚಾರಣೆ, ಕೆಲಸಕ್ಕೇ ಸಂಚಕಾರ ಬಂದರೂ ಬಂತು. ಸಾಹೇಬರು ಇದನ್ನು ಮಗುವಿಗೆ ಔಷಧ ಕುಡಿಸುವವರ ಹಾಗೆ ಮೆಲ್ಲಗೆ ಹೇಳಿದರು.

ನಡೆದದ್ದು ಹೀಗೆ. ಒಬ್ಬ ಬಸ್ ಡ್ರೈವರ್ ರಕ್ತ ಕೊಟ್ಟು ಹೋಗಿದ್ದ. ಅವನ ವರದಿ ಅವನ ಕೈಗೆ ಬರುವ ಮೊದಲೇ ಅವನ ಬಸ್ ಕಂಪನಿಯ ಆಫೀಸಿಗೆ ತಲುಪಿತ್ತು. ಮಾರನೆಯ ದಿನ ಬೆಳಿಗ್ಗೆ ಅವನನ್ನು ಸೀಟಿನಿಂದ ಇಳಿಸಿದರು. ಅವನು ಬಂದು ಕೌಂಟರಿನ ಗಾಜಿಗೆ ಗುದ್ದಿ, "ನನಗೇ ಗೊತ್ತಿಲ್ಲದ ಕಾಯಿಲೆ ಅವರಿಗೆ ಹೆಂಗ್ರೀ ಗೊತ್ತಾಯ್ತು?" ಅಂತ ಕೂಗಿದ. ಅವನು ಕೂಗಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕಂಪ್ಯೂಟರಿನ ದಾಖಲೆ ತೆಗೆದು ನೋಡಿದರೆ, ಮಂಗಳವಾರ ಮಧ್ಯಾಹ್ನ ಒಂದೂ ಇಪ್ಪತ್ತಕ್ಕೆ, ಆಸ್ಪತ್ರೆಯ ಕಾರಿಡಾರಿನ ಮೂಲೆಯಲ್ಲಿರುವ ಇನ್ನೊಂದು ಯಂತ್ರದಿಂದ, ತಂತಿಯಕ್ಕನ ಹೆಸರಿನಲ್ಲಿ ಆ ವರದಿಯನ್ನು ಯಾರೋ ಮುದ್ರಿಸಿಕೊಂಡಿದ್ದರು.

"ಒಂದೂ ಇಪ್ಪತ್ತಕ್ಕೆ ನಾನು ಹಿತ್ತಲಲ್ಲಿ ಊಟ ಮಾಡ್ತಿದ್ದೆ ಸಾರ್."

"ಹಾಗಂತ ಯಾರು ಹೇಳ್ತಾರೆ?"

"ಪಕ್ಕದಲ್ಲಿ ಕೂತು ಊಟ ಮಾಡಿದೋರು ಹೇಳ್ತಾರೆ."

"ಅವರನ್ನ ಆಗ್ಲೇ ಕೇಳಿದೀನಮ್ಮ," ಸಾಹೇಬರು ನಿಟ್ಟುಸಿರು ಬಿಟ್ಟರು. "ಗಡಿಯಾರ ನೋಡಿಲ್ಲ ಅಂದ್ರು."

ಆ ಮಾತು ಮಾತ್ರ ಅವಳಿಗೆ ನಾಟಿತು. ಪಕ್ಕದಲ್ಲಿ ಕೂತು ಉಂಡವರು ಅದೇ ಕೌಂಟರಿನ ಹಿರಿಯ ಗುಮಾಸ್ತರು. ದಪ್ಪ ಕನ್ನಡಕ, ಎರಡೇ ಬೆರಳಿನ ಟೈಪಿಂಗು, ಮೇಲಿನವರ ಬೂಟಿನ ಸದ್ದು ಕೇಳಿದರೆ ಎದ್ದು ನಿಲ್ಲುವ ಜೀವ. ಆರು ವರ್ಷದಿಂದ ಇಬ್ಬರದೂ ಒಂದೇ ಬೆಂಚು, ಒಂದೇ ಉಪ್ಪಿನ ಡಬ್ಬಿ. ಆದರೂ ಗಡಿಯಾರ ನೋಡಿಲ್ಲವಂತೆ. ಇರಲಿ.

"ನಾನು ಸಹಿ ಹಾಕಲ್ಲ ಸಾರ್. ವಿಚಾರಣೆ ಇಟ್ಕೊಳ್ಳಿ," ಅಂದು ತಂತಿಯಕ್ಕ ಎದ್ದು ಬಂದಳು. ಸಂಜೆಯೊಳಗೆ ನೋಟೀಸ್ ಬೋರ್ಡಿನಲ್ಲಿ ಅವಳ ಹೆಸರಿನ ವಿಚಾರಣೆಯ ಸೂಚನೆ ನೇತಾಡಿತು. ದಾರಿಯಲ್ಲಿ ಹೋಗುವ ರೋಗಿಗಳೂ ನಿಂತು ಓದಿಕೊಂಡು, ಕೌಂಟರಿಗೆ ಬಂದು ಅವಳ ಮುಖವನ್ನೊಮ್ಮೆ ನೋಡಿದರು.

ತಂತಿಯಕ್ಕ ಅನ್ನುವುದು ಅವಳ ಹೆಸರಲ್ಲ, ಹಳೆಯ ಕೆಲಸ ಅಂಟಿಸಿದ್ದು. ಹರೆಯದಲ್ಲಿ ಅವಳು ತಂತಿ ಕಚೇರಿಯಲ್ಲಿದ್ದಳು. ಅಲ್ಲಿ ಒಂದು ಪದ ಹೆಚ್ಚಾದರೆ ಅಷ್ಟು ದುಡ್ಡು ಹೆಚ್ಚು. ಜನ ಬೆವರು ಒರೆಸಿಕೊಳ್ಳುತ್ತ ಕಿಟಕಿಗೆ ಬಂದು, ನಾವೆಲ್ಲ ಇಲ್ಲಿ ಕ್ಷೇಮ, ನಿನ್ನೆ ಬೆಳಿಗ್ಗೆ ಹೆರಿಗೆಯಾಯಿತು, ಹೆಣ್ಣು ಮಗು, ತಾಯಿ ಮಗು ಆರೋಗ್ಯವಾಗಿದ್ದಾರೆ, ನೀವು ತಡ ಮಾಡದೆ ಹೊರಟು ಬರುವುದು ಎಂದೆಲ್ಲ ಒಪ್ಪಿಸುತ್ತಿದ್ದರು. ಅವಳು 'ಹೆಣ್ಣುಮಗು ಇಬ್ಬರೂ ಸುಖ ಹೊರಡಿ' ಎಂದು ನಾಲ್ಕೇ ಪದ ಬರೆದು ತಿರುಗಿಸಿ ತೋರಿಸುತ್ತಿದ್ದಳು. ಬಂದವರು ಎರಡು ಸಲ ಓದಿ, ಏನಾದರೂ ಬಿಟ್ಟುಹೋಗಿದೆಯೇ ಅಂತ ಹುಡುಕಿ, ಸಿಗದೆ ತಲೆ ಆಡಿಸುತ್ತಿದ್ದರು.

ತಂತಿಯ ಕಾಲ ಮುಗಿದು ಕಚೇರಿಗೆ ಬೀಗ ಬಿದ್ದಾಗ, ಇದ್ದವರನ್ನೆಲ್ಲ ಮೂರು ವಾರ ಕಂಪ್ಯೂಟರ್ ತರಬೇತಿಗೆ ಕೂರಿಸಿ, ಒಬ್ಬೊಬ್ಬರನ್ನು ಒಂದೊಂದು ಕಡೆಗೆ ಚದುರಿಸಿದರು. ಮಿಕ್ಕವರು ಕಲಿತದ್ದನ್ನು ಬಾಗಿಲಲ್ಲೇ ಬಿಟ್ಟು ಬಂದರು. ಇವಳಿಗೆ ಹುಚ್ಚು ಹಿಡಿಯಿತು. ಯಂತ್ರಕ್ಕೆ ಹೇಳುವ ಮಾತಿನಲ್ಲೂ ಒಂದಕ್ಷರ ಉಳಿಸಬಹುದು ಅಂತ ಗೊತ್ತಾದ ದಿನ ಅವಳು ಊಟ ಮರೆತಿದ್ದಳಂತೆ. ಬೇರೆಯವರು ಪದಬಂಧ ಬಿಡಿಸಿದ ಹಾಗೆ ಇವಳು ಸಂಜೆಗೊಂದು ಪುಟ್ಟ ಪ್ರೋಗ್ರಾಮ್ ಬರೆಯುತ್ತಿದ್ದಳು. ಇಂಥ ವರ್ಷಕ್ಕೆ ಮುನ್ನೂರ ಅರವತ್ತಾರು ದಿನವೋ ಅಲ್ಲವೋ, ಒಂದು ಸಾಲು. ಇಂಥ ತಾರೀಖು ಯಾವ ವಾರ, ಎರಡು ಸಾಲು. ಮಾರನೆಯ ಸಂಜೆ ಅದರಲ್ಲೇ ಇನ್ನೆರಡು ಅಕ್ಷರ ಕಿತ್ತು ಬೀಗುವುದು. ಇದರಿಂದ ಯಾರಿಗೂ ಮೂರು ಕಾಸಿನ ಉಪಯೋಗವಿರಲಿಲ್ಲ. ಅವಳಿಗೆ ಅದು ಬೇಕಾಗಿಯೂ ಇರಲಿಲ್ಲ.

ಇನ್ನು ಆ ಕೌಂಟರಿನ ಕಥೆ ಹೇಳಲೇಬೇಕು. ಅಲ್ಲಿಯ ಕಂಪ್ಯೂಟರಿನ ಪರದೆ ಕೂತವರ ಕಡೆಗಿಂತ ನಿಂತವರ ಕಡೆಗೇ ಹೆಚ್ಚು ತಿರುಗಿತ್ತು. ರೋಗಿಯ ಹೆಸರು ತಪ್ಪಾಗಿ ಅಚ್ಚಾಗದಿರಲಿ, ಅವರೇ ಓದಿ ಹೇಳಲಿ ಅಂತ ಸಾಹೇಬರ ಆಜ್ಞೆ. ಒಳ್ಳೆಯ ಯೋಚನೆಯೇ. ಆದರೆ ಆ ಹಳೆಯ ಯಂತ್ರ ಹತ್ತು ನಿಮಿಷ ಸುಮ್ಮನಿದ್ದರೆ ನಿದ್ದೆಹೋಗುತ್ತಿತ್ತು, ಎಬ್ಬಿಸಲು ಪ್ರತಿಸಲವೂ ಪಾಸ್‌ವರ್ಡ್ ಒತ್ತಬೇಕಿತ್ತು. ಒತ್ತಿದ ಪ್ರತಿ ಅಕ್ಷರವೂ ಪರದೆಯ ಮೇಲೆ ಗುಂಡುಗುಂಡಾಗಿ, ಕನ್ನಡಕವಿಲ್ಲದವರಿಗೂ ಕಾಣುವಷ್ಟು ದಪ್ಪಕ್ಕೆ ಮೂಡುತ್ತಿತ್ತು. ಸಾಲಿನಲ್ಲಿ ನಿಂತವನಿಗೆ ಬೇರೆ ಏನು ಕೆಲಸ? ಓದುತ್ತಿದ್ದ. ತಂತಿಯಕ್ಕ ಐದು ವರ್ಷದಲ್ಲಿ ಮೂರು ಸಲ ಅರ್ಜಿ ಬರೆದಳು. 'ಪಾಸ್‌ವರ್ಡ್ ಎಲ್ಲರಿಗೂ ಕಾಣುತ್ತಿದೆ. ಮುಚ್ಚಿಸಿ.' ಸಾಹೇಬರು ಸೊಪ್ಪು ಹಾಕಲಿಲ್ಲ. ಮೂರನೆಯ ಅರ್ಜಿಗೆ ಮಾತ್ರ, ತಂತ್ರಾಂಶದ ಕಂಪನಿಯವರಿಗೆ ತಿಳಿಸಲಾಗಿದೆ, ಹೊಸದು ಬರುವ ತನಕ ಬದಲಾವಣೆ ಸಾಧ್ಯವಿಲ್ಲವಂತೆ ಅಂತ ಉತ್ತರ ಬಂತು. ಈಗ ಅದೇ ಕೈಗಳು ಗೂಬೆಯನ್ನು ತಂದು ಅವಳ ತಲೆಯ ಮೇಲೆ ಕೂರಿಸಿದ್ದವು.

ಶನಿವಾರ ಸಂಜೆ ಮನೆಗೆ ಬಂದವಳೇ ಗಂಡನ ಅಂಗಡಿಗೆ ನುಗ್ಗಿದಳು. ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ, ಎರಡು ಹೊಲಿಗೆ ಯಂತ್ರ, ಗೋಡೆಯ ತುಂಬ ಅಳತೆಯ ಕಂದು ಕಾಗದಗಳು. ಅಂಥದೊಂದು ಕಾಗದ ಎಳೆದುಕೊಂಡು ನಿಂತಲ್ಲೇ ಬರೆದಳು.

"ಏನೇ ಅದು?" ಅಂದ ಗಂಡ, ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ.

"ಓದಿ."

ಯಂತ್ರದ ಭಾಷೆಯ ಮೂರು ಆಜ್ಞೆಗಳಿದ್ದವು. ಪಕ್ಕದಲ್ಲಿ ಅವನಿಗಾಗಿ ಅರ್ಥ ಬರೆದಿದ್ದಳು: 'ತೋರಿಸಬೇಡ. ಓದು. ತೋರಿಸು.'

"ಇಷ್ಟೇನಾ?"

"ಇಷ್ಟೇ! ಒಳಗೆ ಬಿಡೋ ಮುಂಚೆ ಹೆಸರು ಕೇಳೋ ಕಡತ ಒಂದಿದೆ, ಅದರಲ್ಲಿ ಇಷ್ಟು ಸೇರಿಸಿದ್ರೆ ಸಾಕು. ಇಷ್ಟಕ್ಕೆ ಐದು ವರ್ಷ ಸಾಲಲಿಲ್ವಂತೆ ಅವರಿಗೆ! ತಪ್ಪು ನನ್ನದಂತೆ, ನಾನು ಸಹಿ ಹಾಕ್ಬೇಕಂತೆ!"

ಅವಳ ದನಿ ಏರಿತು, ಕಣ್ಣೂ ತುಂಬಿತು. ಗಂಡ ದಾರ ಕಡಿದು, ಯಂತ್ರದಿಂದ ಕಾಲು ತೆಗೆದ. "ಹಾಕ್ಬೇಡ," ಅಂದ. "ಉಗ್ರಾಣಕ್ಕೆ ಹಾಕ್ತಾರಂತ ನಾನು ಬೇಜಾರು ಮಾಡ್ಕೊಳ್ಳಲ್ಲ. ಮಾಡದೆ ಇರೋ ತಪ್ಪಿಗೆ ನೀನು ತಲೆ ತಗ್ಗಿಸಿ ಮನೆಗೆ ಬಂದ್ರೆ ಮಾತ್ರ ನನ್ಗೆ ನೋಡೋಕಾಗಲ್ಲ."

ಮಾರನೆಯ ದಿನ ಭಾನುವಾರ. ಪ್ಯಾಂಟು ಗಿಡ್ಡ ಮಾಡಿಸುವ ನೆಪದಲ್ಲಿ ಹಿರಿಯ ಗುಮಾಸ್ತರು ಅಂಗಡಿಗೆ ಬಂದರು. ಪ್ಯಾಂಟು ಉದ್ದವೇನೂ ಇರಲಿಲ್ಲ. ಬಂದು, ತಂತಿಯಕ್ಕನ ಕಣ್ಣು ತಪ್ಪಿಸಿ, ಗೋಡೆಯ ಮೇಲಿದ್ದ ಕತ್ತರಿಗಳನ್ನು ನೋಡುತ್ತ ನಿಂತರು. ಅವಳಿಗೆ ಸಿಟ್ಟು ಉಕ್ಕಿತು, ಆದರೆ ಉಪಾಯವೂ ಹೊಳೆಯಿತು. ಇಡೀ ಆಸ್ಪತ್ರೆಯಲ್ಲಿ ಇವರಿಗಿಂತ ಕೆಟ್ಟದಾಗಿ ಟೈಪ್ ಮಾಡುವವರು ಯಾರಿದ್ದಾರೆ? ಇವರು ದಾಟಿದರೆ ಎಲ್ಲರೂ ದಾಟಿದ ಹಾಗೆ.

"ಬನ್ನಿ ಅಣ್ಣಾ, ಕೂತ್ಕೊಳ್ಳಿ. ಕೌಂಟರಲ್ಲಿ ಒತ್ತೋ ಹಾಗೇ ನಿಮ್ಮ ಪಾಸ್‌ವರ್ಡ್ ಒತ್ತಿ," ಅಂತ ಮನೆಯ ಹಳೆಯ ಕಂಪ್ಯೂಟರಿನ ಮುಂದೆ ಕೂರಿಸಿದಳು.

ಅವರು ಒಂದಕ್ಷರ ಒತ್ತಿದರು. ಪರದೆ ತುಟಿ ಪಿಟಕ್ಕೆನ್ನಲಿಲ್ಲ. ಮತ್ತೆ ಒತ್ತಿದರು. ಬಗ್ಗಿ ಹಿಂದಿನ ವೈರು ನೋಡಿದರು.

"ಕೀಬೋರ್ಡ್ ಸತ್ತಿದೆ ತಾಯಿ."

"ಸತ್ತಿಲ್ಲ. ಕಾಣಬಾರದು ಅಂತಾನೇ ಹಾಗೆ. ನೀವು ಒತ್ತಿ."

ಕಣ್ಣಿಗೆ ಏನೂ ಕಾಣದೆ ಅವರಿಗೆ ಎಲ್ಲಿಯ ತನಕ ಬಂದೆ ಅನ್ನುವ ಲೆಕ್ಕ ತಪ್ಪಿತು. ಲೆಕ್ಕ ಹಿಡಿಯಲು ಬಾಯಿ ತಾನಾಗಿ ತೆರೆದುಕೊಂಡಿತು. ಒಂದೊಂದೇ ಕೀಲಿ ಕುಟ್ಟುತ್ತ, "ಎಂ... ಎ... ಎನ್... ಜಿ..." ಅಂತ ಬಾಲವಾಡಿಯ ಮಗುವಿನ ಹಾಗೆ ಗಟ್ಟಿಯಾಗಿ ಹೇಳತೊಡಗಿದರು.

ಅಳತೆ ಕೊಡಲು ಕೈ ಚಾಚಿ ನಿಂತಿದ್ದ ಗಿರಾಕಿಯೊಬ್ಬ ಅಲ್ಲಿಂದಲೇ, "ಮ್ಯಾಂಗೋ ಅಲ್ವಾ ಸಾರ್?" ಅಂದ.

ಗುಮಾಸ್ತರು ಬೆಚ್ಚಿಬಿದ್ದರು. ಗಂಡ ನಗು ತಡೆಯಲಾರದೆ ಅಳತೆಯ ಟೇಪು ಕೆಳಗೆ ಹಾಕಿದ. ತಂತಿಯಕ್ಕ ಮಾತ್ರ ನಗಲಿಲ್ಲ. ಅವಳ ಜೀವಮಾನದ ಅತಿ ಚಿಕ್ಕ ಪ್ರೋಗ್ರಾಮ್ ಪರದೆಯ ಬಾಯಿ ಮುಚ್ಚಿಸಿ ಮನುಷ್ಯನ ಬಾಯಿ ತೆರೆಸಿತ್ತು. ಇದನ್ನು ವಿಚಾರಣೆಯಲ್ಲಿ ತೋರಿಸಿದ್ದರೆ ಸಾಹೇಬರು ಅವಳ ಮಾನ ಹರಾಜು ಹಾಕುತ್ತಿದ್ದರು.

ಗಿರಾಕಿ ಹೋದ ಮೇಲೆ ಗಂಡ ಹೇಳಿದ: "ಅಳತೆಗೆ ಸರಿಯಾಗೇ ಕತ್ತರಿಸಿದೀಯ. ಆದ್ರೆ ಒಳಗೆ ಹೊಲಿಗೆಗೆ ಬಟ್ಟೆ ಬಿಟ್ಟಿಲ್ಲ. ಹಾಕ್ಕೊಂಡೋರು ಕೈ ಎತ್ತಿದ್ರೆ ಹರಿಯುತ್ತೆ."

ಅವಳು ಅರ್ಧ ಗಂಟೆ ಮುಖ ಊದಿಸಿಕೊಂಡಿದ್ದಳು. ತಂತಿಯ ಕಾಲದಿಂದಲೂ ಕತ್ತರಿಸುವುದೇ ಅವಳ ಹೆಮ್ಮೆ, ಸೇರಿಸುವುದು ಅಂದರೆ ಸೋತ ಹಾಗೆ. ಆಮೇಲೆ ಕೂತು ಸೇರಿಸಿದಳು. ಒತ್ತಿದ ಕೀಲಿಯನ್ನು ಓದು, ತೋರಿಸಬೇಡ. ಎಂಟರ್ ಒತ್ತಿದರೆ ಮುಗಿಸು. ಅಳಿಸುವ ಕೀಲಿ ಒತ್ತಿದರೆ ಕೊನೆಯ ಅಕ್ಷರ ಬಿಡು, ಒಂದು ಚುಕ್ಕಿ ಒರೆಸು. ಬೇರೆ ಏನೇ ಒತ್ತಿದರೂ ಅಕ್ಷರವನ್ನು ಒಳಗಿಟ್ಟುಕೊಂಡು ಹೊರಗೆ ಒಂದು ಚುಕ್ಕಿ ತೋರಿಸು. ಮೊದಲು ಒಂಬತ್ತು ಸಾಲಾಯಿತು. ಹೊಟ್ಟೆ ಉರಿದು ಎರಡನ್ನು ಕಿತ್ತಳು. ಮೂರನೆಯದಕ್ಕೆ ಕೈ ಹಾಕಿದಾಗ ಗುಮಾಸ್ತರ ಬೆರಳು ನೆನಪಾಗಿ ಬಿಟ್ಟಳು. ಏಳು ಸಾಲು ನಿಂತಿತು.

ಗುಮಾಸ್ತರು ಮತ್ತೆ ಕೂತರು. ಒತ್ತಿದರು, ಚುಕ್ಕಿ ಬಂತು. ತಪ್ಪು ಒತ್ತಿದರು, ಅಳಿಸಿದರು, ಚುಕ್ಕಿ ಹೋಯಿತು. ಬಾಯಿ ಮುಚ್ಚಿಯೇ ಇತ್ತು. ಎಂಟರ್ ಒತ್ತಿ ಹುಡುಗನ ಹಾಗೆ ನಕ್ಕರು, ಮರುಕ್ಷಣ ನಗು ಇಂಗಿತು. "ತಾಯಿ, ಆವತ್ತು ಸಾಹೇಬ್ರು ಕೇಳಿದಾಗ..." ಅಂತ ಶುರು ಮಾಡಿದರು.

"ಇಲ್ಲಿ ಹೇಳಿ ಏನುಪಯೋಗ ಅಣ್ಣಾ?" ಅಂದಳು ತಂತಿಯಕ್ಕ. "ಪ್ಯಾಂಟು ನಾಳೆ ಕೊಡ್ತಾರೆ."

ವಿಚಾರಣೆ ಗುರುವಾರ ನಡೆಯಿತು. ಉದ್ದ ಮೇಜಿನ ತಲೆಯಲ್ಲಿ ಹಿರಿಯ ಡಾಕ್ಟರಮ್ಮ, ಬಲಕ್ಕೆ ಸೂಪರಿಂಟೆಂಡೆಂಟ್ ಸಾಹೇಬರು, ಎದುರಿಗೆ ತಂತಿಯಕ್ಕ, ಗೋಡೆಗೆ ಆತುಕೊಂಡು ಸಾಕ್ಷಿಯಾಗಿ ಗುಮಾಸ್ತರು. ಕೌಂಟರಿನ ಕಂಪ್ಯೂಟರನ್ನು ಇಲ್ಲಿಗೇ ತರಿಸಬೇಕು ಅಂತ ತಂತಿಯಕ್ಕ ಮೊದಲೇ ಬರೆದು ಕೊಟ್ಟಿದ್ದಳು. ಸಾಹೇಬರು ಮೂಗು ಮುರಿದರು, ಡಾಕ್ಟರಮ್ಮ ತರಿಸಿದರು.

ಸಾಹೇಬರು ತಂತ್ರಾಂಶ ಕಂಪನಿಯ ಪತ್ರ ಓದಿದರು. ತಮ್ಮದರಲ್ಲಿ ಯಾವ ಲೋಪವೂ ಇಲ್ಲ, ಪಾಸ್‌ವರ್ಡನ್ನು ಗುಟ್ಟಾಗಿ ಇಟ್ಟುಕೊಳ್ಳುವುದು ಬಳಸುವವರ ಜವಾಬ್ದಾರಿ ಅಂತ ಇತ್ತು. ಓದಿ ಮುಗಿಸಿ, ಇನ್ನೇನು ಹೇಳ್ತೀಯಮ್ಮ ಅನ್ನುವ ಹಾಗೆ ನೋಡಿದರು.

"ಸಾರ್, ಒಂದೇ ಒಂದು ಸಲ ನೀವು ನಿಮ್ಮ ಹೆಸರಲ್ಲಿ ಒಳಗೆ ಹೋಗಿ ತೋರಿಸಿ," ಅಂದಳು ತಂತಿಯಕ್ಕ. "ಗುಟ್ಟಾಗಿ."

"ಅದಕ್ಕೇನಂತೆ," ಅಂತ ಸಾಹೇಬರು ಕುರ್ಚಿ ಎಳೆದುಕೊಂಡರು. ಹೆಸರು ಒತ್ತಿದರು. ಯಂತ್ರ ಪಾಸ್‌ವರ್ಡ್ ಕೇಳಿತು. ಸಾಹೇಬರ ಬೆರಳು ಕೀಲಿಯ ಮೇಲೆ ಬಂದು, ಅಲ್ಲೇ ನಿಂತಿತು. ದೊಡ್ಡ ಪರದೆ ಮೇಜಿನ ಸುತ್ತ ಕೂತವರಿಗೆಲ್ಲ ನಿಚ್ಚಳವಾಗಿ ಕಾಣುತ್ತಿತ್ತು. ಅವರು ಗಂಟಲು ಸರಿಮಾಡಿಕೊಂಡರು.

"ಒಂದ್ನಿಮಿಷ ಎಲ್ಲರೂ ಆ ಕಡೆ ತಿರುಗಿ."

ಡಾಕ್ಟರಮ್ಮ ಮರ್ಯಾದೆಗೆ ತಿರುಗಲು ಹೊರಟಿದ್ದರು. ತಂತಿಯಕ್ಕ ಜಪ್ಪಯ್ಯ ಅಂದರೂ ಅಲುಗಾಡಲಿಲ್ಲ.

"ನಾನು ತಿರುಗಲ್ಲ ಸಾರ್. ಕೌಂಟರಲ್ಲಿ ನನಗೋಸ್ಕರ ಯಾರು ತಿರುಗಿದಾರೆ? ದಿನಕ್ಕೆ ಇಪ್ಪತ್ತು ಸಲ ಒತ್ತೀನಿ, ಎದುರಿಗೆ ನಲವತ್ತು ಜನ ನಿಂತಿರ್ತಾರೆ. ಎಲ್ಲರೂ ಆ ಕಡೆ ತಿರುಗಿ ಅಂತ ನಾನು ಹೇಳಿದ್ರೆ ನೀವೇ ನನ್ನ ಹುಚ್ಚಿ ಅಂತಿದ್ರಿ. ಡಾಕ್ಟ್ರೇ, ಸಾಹೇಬ್ರು ಈಗ ಹೇಳಿದ ಮಾತು ಬರ್ಕೊಳ್ಳಿ. ಅದೇ ನನ್ನ ಹೇಳಿಕೆ."

ಡಾಕ್ಟರಮ್ಮ ಪೆನ್ನು ತೆಗೆದರು. ಸಾಹೇಬರ ಕಿವಿ ಕೆಂಪಾಯಿತು.

"ಇನ್ನೂ ಒಂದಿದೆ," ಅಂದಳು ಅವಳು. ಇಲ್ಲಿಯ ತನಕ ಅಂಕೆಯಲ್ಲಿದ್ದ ದನಿ ಈಗ ನಡುಗಿತು, ಆದರೆ ನಿಲ್ಲಲಿಲ್ಲ. "ಈಗ ಮುಚ್ಚಿಟ್ರೂ ತಡ ಆಯ್ತು ಸಾರ್. ನಿಮ್ಮ ಪಾಸ್‌ವರ್ಡ್ ನನಗೆ ಐದು ವರ್ಷದಿಂದ ಗೊತ್ತು. ಎರಡು ಸಲ ಬದಲಾಯಿಸಿದ್ರಿ, ಅದೂ ಗೊತ್ತು. ವರದಿ ನೋಡೋಕೆ ಕೌಂಟರಿಗೆ ಬರೋ ಮೂವತ್ತೊಂದು ಜನರದ್ದೂ ಗೊತ್ತು. ಬೇಡ ಅಂದ್ರೂ ಕಣ್ಣಿಗೆ ಬೀಳುತ್ತೆ. ಯಾರು ಸ್ಕೂಟರ್ ನಂಬರ್ ಇಟ್ಟಿದಾರೆ, ಯಾರು ಮೊಮ್ಮಗಳ ಹೆಸರು ಇಟ್ಟಿದಾರೆ, ಯಾರು ಹೆಂಡತಿಯದ್ದಲ್ಲದ ಹೆಸರು ಇಟ್ಟಿದಾರೆ, ಎಲ್ಲಾ ಗೊತ್ತು."

"ನೋಡಿದ್ರಾ ಮೇಡಂ!" ಸಾಹೇಬರು ಮೇಜು ತಟ್ಟಿದರು. "ಅವರೇ ಒಪ್ಪಿಕೊಂಡ ಹಾಗಾಯ್ತಲ್ಲ!"

"ಮೂವತ್ತೊಂದು ಬೀಗದ ಕೀಲಿ ಕೈಲಿರೋಳು, ಕದಿಯೋಕೆ ಹೊರಟ್ರೆ ತನ್ನ ಹೆಸರಿನ ಬಾಗಿಲಿಂದಾನೇ ಯಾಕೆ ಹೋಗ್ತಾಳೆ ಸಾರ್? ನಿಮ್ಮ ಹೆಸರಲ್ಲಿ ತೆಗೀತಿದ್ದೆ. ಆಗ ಈ ಕುರ್ಚೀಲಿ ನೀವು ಕೂತಿರ್ತಿದ್ರಿ, ಆ ಕಾಗದಕ್ಕೆ ನೀವು ಸಹಿ ಹಾಕ್ತಿದ್ರಿ."

ತಂತಿಯಕ್ಕ ಎದ್ದು, ಕೀಬೋರ್ಡು ತನ್ನ ಕಡೆಗೆ ಎಳೆದುಕೊಂಡು, ಏಳು ಸಾಲನ್ನೂ ಅಲ್ಲೇ ನೆನಪಿನಿಂದ ಒತ್ತಿ, ಯಂತ್ರವನ್ನು ಡಾಕ್ಟರಮ್ಮನ ಮುಂದೆ ತಿರುಗಿಸಿದಳು. ಡಾಕ್ಟರಮ್ಮ ಒತ್ತಿದರು. ಸಾಲಾಗಿ ಚುಕ್ಕಿಗಳು ಬಂದವು. ಇನ್ನೊಮ್ಮೆ ಒತ್ತಿ ನೋಡಿದರು.

"ಇದಕ್ಕೆ ಎಷ್ಟು ದಿನ ಹಿಡೀತು?"

"ಬರೆಯೋಕೆ ಒಂದು ಭಾನುವಾರ ಡಾಕ್ಟ್ರೇ. ನಿಮ್ಮ ಕಿವಿಗೆ ಬೀಳೋಕೆ ಐದು ವರ್ಷ."

ಆಗ ಗೋಡೆಯ ಹತ್ತಿರ ಕುರ್ಚಿ ಕಿರುಗುಟ್ಟಿತು. ಗುಮಾಸ್ತರು ಎದ್ದು ನಿಂತಿದ್ದರು. "ಒಂದೂ ಇಪ್ಪತ್ತಕ್ಕೆ ಈಕೆ ನನ್ನ ಪಕ್ಕದಲ್ಲಿ ಊಟ ಮಾಡ್ತಿದ್ಲು," ಅಂದರು, ಒಂದೇ ಉಸಿರಿಗೆ. "ಗಡಿಯಾರ ನೋಡಿದ್ದೆ. ಹೆದರಿಕೆಯಿಂದ ಇಲ್ಲ ಅಂದೆ."

"ಈಗ ನೆನಪಾಯ್ತಾ ಅಣ್ಣಾ," ಅಂದಳು ತಂತಿಯಕ್ಕ. ಬಾಯಲ್ಲಿ ಕುಟುಕಿದರೂ ಒಳಗೆ ಏನೋ ಹಗುರಾಯಿತು. ಆರು ವರ್ಷದ ಬೆಂಚು ಸುಮ್ಮನೆ ಹೋಗುವುದಿಲ್ಲವಲ್ಲ.

ವಿಚಾರಣೆ ಅಲ್ಲಿಗೇ ಮುಗಿಯಿತು. ವರದಿ ತೆಗೆದವರು ಯಾರು ಅಂತ ಮಾತ್ರ ಗೊತ್ತಾಗಲಿಲ್ಲ, ಸಾಲಿನಲ್ಲಿ ನಿಂತು ಪಾಸ್‌ವರ್ಡ್ ಓದಿದ ಯಾರಾದರೂ ಆಗಿರಬಹುದಿತ್ತು. ಹೊರಗೆ ಬರುತ್ತಲೇ ಸಾಹೇಬರು ದನಿ ಇಳಿಸಿ, "ಆಯ್ತಲ್ಲಮ್ಮ, ಇದನ್ನ ಇಲ್ಲಿಗೇ ಬಿಡೋಣ. ಮಧ್ಯಾಹ್ನ ಆ ಪ್ರೋಗ್ರಾಮ್ ಎಲ್ಲಾ ಯಂತ್ರಕ್ಕೂ ಹಾಕ್ಬಿಡಿ," ಅಂದರು.

"ಹಾಕಲ್ಲ ಸಾರ್."

"ಯಾಕೆ?"

"ಬೋರ್ಡಲ್ಲಿ ಆರು ದಿನ ನನ್ನ ಹೆಸರು ನೇತಾಡಿದೆ. ತಪ್ಪು ನನ್ನದಲ್ಲ ಅಂತ ಅದೇ ಬೋರ್ಡಲ್ಲಿ ಬರಲಿ, ನಿಮ್ಮ ಸಹಿ ಇರಲಿ. ಆ ಡ್ರೈವರ್‌ಗೂ ಒಂದು ಪ್ರತಿ ಹೋಗಲಿ. ಯಾವಳೋ ಗುಮಾಸ್ತೆ ತನ್ನ ವರದಿ ಮಾರ್ಕೊಂಡ್ಲು ಅಂತ ಅವನು ಇವತ್ತಿಗೂ ಅಂದ್ಕೊಂಡಿದಾನೆ."

ಮೊದಲ ಪತ್ರ ಸಂಜೆ ಬಂತು: 'ತಾಂತ್ರಿಕ ಕಾರಣಗಳಿಂದ ಉಂಟಾಗಿದ್ದ ಗೊಂದಲ ಬಗೆಹರಿದಿದೆ.' ಅವಳು ಅದನ್ನು ಹಾಗೇ ವಾಪಸು ಕಳಿಸಿದಳು. ವಿಚಾರಣೆಯಲ್ಲಿ ಒತ್ತಿ ತೋರಿಸಿದ ಏಳು ಸಾಲನ್ನು ಅವಳು ಆಗಲೇ ಅಳಿಸಿದ್ದಳು. ಆದರೆ ಪತ್ರ ಬರುವ ತನಕ ರೋಗಿಗಳ ಗುಟ್ಟು ಬಯಲಾಗಬಾರದಲ್ಲ? ಸಾಹೇಬರ ಆಜ್ಞೆಯನ್ನು ಗಾಳಿಗೆ ತೂರಿ ಪರದೆಯನ್ನೇ ಒಳಗಡೆಗೆ ತಿರುಗಿಸಿದಳು, ಹೆಸರನ್ನು ಒಂದೊಂದಕ್ಷರ ಬಾಯಿಬಿಟ್ಟು ಕೇಳಿ ಬರೆದಳು. ಎರಡನೆಯ ಪತ್ರದಲ್ಲಿ 'ಸಿಬ್ಬಂದಿಯೊಬ್ಬರು' ಅಂತಿತ್ತು. 'ಒಬ್ಬರಿಗೆ ಹೆಸರಿದೆ' ಅಂತ ಅಂಚಿನಲ್ಲಿ ಬರೆದು ಅದನ್ನೂ ತಿರುಗಿಸಿದಳು. ಸೋಮವಾರ ಮೂರನೆಯದು ಬಂತು. ಅದರಲ್ಲಿ ಅವಳ ಪೂರ್ತಿ ಹೆಸರಿತ್ತು, ಅವಳು ಮೂರು ಸಲ ಎಚ್ಚರಿಸಿದ್ದಳು ಅಂತಿತ್ತು, ಲೋಪ ಆಸ್ಪತ್ರೆಯದು ಅಂತಿತ್ತು. ಗುಮಾಸ್ತರೇ ಹೋಗಿ ಬೋರ್ಡಿಗೆ ಅಂಟಿಸಿ ಬಂದರು. ಡ್ರೈವರ್ ತನ್ನ ಪ್ರತಿ ಒಯ್ಯಲು ತಾನೇ ಬಂದ. ಕ್ಷಮಿಸಿ ಅನ್ನಲಿಲ್ಲ, ಅವಳೂ ಕೇಳಲಿಲ್ಲ. "ಇದನ್ನ ಹಿಡ್ಕೊಂಡು ಅವರ ಹತ್ರ ಜಗಳ ಆಡ್ಬಹುದಾ ಅಕ್ಕಾ?" ಅಂದ. "ಬಿಡಬೇಡ," ಅಂದಳು.

ಏಳು ಸಾಲು ಆ ಮಧ್ಯಾಹ್ನವೇ ಎಲ್ಲ ಯಂತ್ರಗಳಿಗೂ ಹೋಯಿತು. ಮೂವತ್ತೊಂದು ಜನರೂ ಒಬ್ಬೊಬ್ಬರಾಗಿ ಕೌಂಟರಿಗೆ ಬಂದು ಪಾಸ್‌ವರ್ಡ್ ಬದಲಾಯಿಸಿಕೊಂಡರು. ಗುಮಾಸ್ತರದಂತೂ ಈಗ ಹದಿನಾಲ್ಕು ಚುಕ್ಕಿ. ತಂತಿಯಕ್ಕ ಕೂತಲ್ಲೇ ಕೂತು ನೋಡಿದಳು. ಐದು ವರ್ಷದಲ್ಲಿ ಮೊದಲ ಸಲ ಯಾರದೂ ಅವಳಿಗೆ ತಿಳಿಯಲಿಲ್ಲ, ಅದು ಎಷ್ಟು ಭಾರದ ಹೊರೆಯಾಗಿತ್ತೆಂದು ಇಳಿಸಿದಾಗಲೇ ಗೊತ್ತಾಯಿತು.

ಕೊನೆಗೆ ಸಾಹೇಬರು ಬಂದರು. ಹೊಸದನ್ನು ಒತ್ತಿದರು, ಎಂಟರ್ ಒತ್ತಿದರು. ಸುತ್ತ ಒಮ್ಮೆ ನೋಡಿ, ಅವಳ ಕಡೆಗೆ ಬಗ್ಗಿ, "ಈಗ ನಿಮಗೂ ಕಾಣ್ಸಲ್ಲ ತಾನೆ?" ಅಂದರು.

"ಕಾಣ್ಸಲ್ಲ ಸಾರ್," ಅಂದಳು ತಂತಿಯಕ್ಕ. "ಕಾಣಿಸ್ತಿದ್ದಾಗ್ಲೂ ನನ್ನಿಂದ ನಿಮಗೇನೂ ಆಗಿರ್ಲಿಲ್ಲ."